ಉಪ್ಪುನೀರಿನ ಪಾಲು

"ಊದಿ, ಊದಿ, ಊದಿ... ಬಿಡಬೇಡಿ! ಇನ್ನೂ ಇದೆ ಒಳಗೆ, ನಂಗೊತ್ತು!"

ನರ್ಸಮ್ಮನ ಕೂಗಿಗೆ ಅವಳು ಉಸಿರು ಅಳೆಯುವ ಯಂತ್ರದ ಕೊಳವೆ ಕಚ್ಚಿ ಹಿಡಿದು ಊದಿದಳು. ಕಣ್ಣು ಕತ್ತಲಿಟ್ಟಿತು. ಪರದೆಯ ಮೇಲಿನ ಗೆರೆ ಅರ್ಧಕ್ಕೇ ಕುಸಿದು ಮಲಗಿತು.

"ಇಷ್ಟೇ ಸಿಸ್ಟರ್, ಸ್ಟಾಕ್ ಖಾಲಿ!"

ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದವನು ತಟ್ಟನೆ ತಿರುಗಿದ.

"ಈ ದನಿ... ನೀವು ಬಸ್ ಸ್ಟ್ಯಾಂಡ್ ಮೈಕಲ್ಲಿ ಮಾತಾಡೋರಲ್ವಾ?"

ಅವಳು ಕೊಳವೆ ಕೆಳಗಿಟ್ಟು ಅವನತ್ತ ನೋಡಿದಳು. ಹೌದು, ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಮೈಕಿನಲ್ಲಿ ಹೇಳುವುದೇ ಅವಳ ಕೆಲಸ. ಡ್ರೈವರುಗಳಿಗೆಲ್ಲ ಅವಳು ಮೈಕಕ್ಕ. ಆದರೆ ಬರೀ ದನಿ ಕೇಳಿ ಗುರುತು ಹಿಡಿದವರು ಇದುವರೆಗೆ ಯಾರೂ ಇರಲಿಲ್ಲ!

"ಪ್ರತಿ ಊರಿನ ಹೆಸರಾದ್ಮೇಲೆ ಸಣ್ಣಗೆ ಉಸಿರು ಎಳ್ಕೊಳ್ತೀರಿ. ಸ್ಟೈಲು ಅಂದ್ಕೊಂಡಿದ್ದೆ."

"ಸ್ಟೈಲಲ್ಲ ಸ್ವಾಮಿ, ಶ್ವಾಸಕೋಶ!"

ಅವನು ಲಿಫ್ಟ್ ರಿಪೇರಿಯವನು. "ಎಲ್ಲರೂ ಲಿಫ್ಟಣ್ಣ ಅಂತಾರೆ. ನೀವು ಮಾತ್ರ ದಯವಿಟ್ಟು ಹಾಗನ್ಬೇಡಿ," ಎಂದ. ಅವಳ ಕಿವಿ ಕೆಂಪಾಯಿತು.

ಇಬ್ಬರೂ ಆರು ತಿಂಗಳು ತುಂಬುವಷ್ಟರಲ್ಲೇ ಹುಟ್ಟಿಬಿಟ್ಟವರು. ಅಂಗೈಯಲ್ಲಿ ಹಿಡಿಯುವಷ್ಟಿದ್ದ ಅಂಥ ಕೂಸುಗಳ ಉಸಿರಿಗಾಗಿ ಆಗ ಒಂದು ಹೊಸ ಔಷಧಿಯ ಪ್ರಯೋಗ ನಡೆದಿತ್ತು. ಚೀಟಿ ಎತ್ತಿದ ಹಾಗೆ ಅರ್ಧ ಕೂಸುಗಳಿಗೆ ಔಷಧಿ; ಉಳಿದವಕ್ಕೆ ಎಂದಿನ ಆರೈಕೆ, ಜೊತೆಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಹೆತ್ತವರಿಗಿರಲಿ, ಚಿಕಿತ್ಸೆ ಕೊಟ್ಟ ಡಾಕ್ಟರಿಗೂ ಗೊತ್ತಿರಲಿಲ್ಲ. ಆ ಕೂಸುಗಳು ಬೆಳೆದು ಹೇಗಿದ್ದಾರೆ ಎಂದು ನೋಡಲು ಈಗ ಮತ್ತೆ ಕರೆಸಿದ್ದರು.

ತಪಾಸಣೆ ತಿಂಗಳುಗಟ್ಟಲೆ ನಡೆಯಿತು. ಕಾಯುವ ಕುರ್ಚಿಗಳು ಹತ್ತಿರ ಸರಿದವು. ಒಂದು ಲೋಟ ಚಹಾ ಎರಡಾಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ... ಆದರೆ ಇಬ್ಬರಿಗೂ ಗೊತ್ತಿತ್ತು.

ಕೊನೆಯ ದಿನ ಡಾಕ್ಟರಮ್ಮ ಒಬ್ಬೊಬ್ಬರನ್ನೇ ಕರೆದು, ಅಂದು ಯಾರ ಪಾಲಿಗೆ ಏನು ಬಂದಿತ್ತೆಂದು ತಿಳಿಸಿದರು.

"ನಂಗೆ ಉಪ್ಪುನೀರಂತೆ!" ಅವಳು ನಗುತ್ತಾ ಹೊರಬಂದಳು. "ಅದಕ್ಕೇ ನೋಡಿ, ಇಷ್ಟು ರುಚಿಯಾಗಿದೀನಿ!"

ಅವನೂ ನಗುತ್ತಲೇ ಒಳಗೆ ಹೋದ. ಹೊರಗೆ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳತ್ತ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋಗೇಬಿಟ್ಟ!

ಆಮೇಲೆ ಫೋನ್ ಎತ್ತಲಿಲ್ಲ. ವಾರಗಳು ಉರುಳಿದವು.

'ಪರದೆ ಮೇಲಿನ ಆ ಗೆರೆ ನೆನಪಾಗಿರ್ಬೇಕು... ಈ ಅರ್ಧ ಉಸಿರಿನವಳನ್ನ ಕಟ್ಕೊಂಡು ಏನ್ಮಾಡೋದು ಅಂತ ಹೆದರಿದ...'

ಅಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. "ಪ್ರಯೋಗಕ್ಕೆ ಒಪ್ಪಿದ್ದು ನಾನೇ ಕಣೇ. ಒಪ್ಪದೇ ಇದ್ದಿದ್ರೆ..."

"ಒಪ್ಪದೇ ಇದ್ದಿದ್ರೂ ಆ ಔಷಧಿ ನಂಗೆ ಸಿಕ್ತಿರಲಿಲ್ಲಮ್ಮ. ಸುಮ್ನಿರು. ನಾನು ಅಳ್ತಿರೋದು ಅದಕ್ಕಲ್ಲ."

ಒಂದು ಸಂಜೆ ಅವಳ ಮೈಕಿನ ಕೋಣೆಯ ಬಾಗಿಲು ಕಿರ್ರೆಂದಿತು. ಗ್ರೀಸ್ ಮೆತ್ತಿದ ಅಂಗಿಯಲ್ಲಿ ಅವನು ನಿಂತಿದ್ದ.

ಅವಳು ಮೈಕ್ ಆರಿಸಿದಳು. "ವಿಚಾರಣೆ ಕೌಂಟರ್ ಪಕ್ಕದಲ್ಲಿದೆ."

"ನಂಗೆ ಔಷಧಿ ಸಿಕ್ಕಿತ್ತು."

ಅವಳು ಬೆನ್ನು ತಿರುಗಿಸಿ ಬಸ್ಸುಗಳ ಪಟ್ಟಿ ಎತ್ತಿಕೊಂಡಳು.

"ಎಂಟು ಮಹಡಿ ಒಂದೇ ಉಸಿರಿಗೆ ಹತ್ತುತೀನಿ ನಾನು. ನೀವು ಒಂದು ವಾಕ್ಯಕ್ಕೆ ಎರಡು ಸಲ ನಿಲ್ತೀರಿ. ಅದು ಕೇಳಿದಾಗೆಲ್ಲ... ನಿಮ್ಮ ಪಾಲಿಂದು ಕಿತ್ಕೊಂಡೆ ಅನ್ಸತ್ತೆ. ಯಾವ ಮುಖ ಇಟ್ಕೊಂಡು ಬರ್ಲಿ ಹೇಳಿ?"

ಅವಳು ಗಿರ್ರನೆ ತಿರುಗಿದಳು. ಇದಾ ಕಾರಣ?!

"ಕಿತ್ಕೊಂಡ್ರಾ? ಒಂದು ಹಿಡಿ ಇದ್ರಿ ಅವತ್ತು! ಕಣ್ಣು ಬಿಡೋಕೂ ಬರ್ತಿರಲಿಲ್ಲ!"

"ತಮಾಷೆ ಬೇಡ..."

"ತಮಾಷೆ ಅಲ್ಲ! ಅದು ಉಳಿಸತ್ತೋ ಕೊಲ್ಲತ್ತೋ ಅಂತ್ಲೇ ಯಾರಿಗೂ ಗೊತ್ತಿರಲಿಲ್ಲ. ನೀವು ಸತ್ತೂ ಹೋಗಬಹುದಿತ್ತು. ಉಪ್ಪುನೀರಿನವರು ನಾವು ಇಲ್ದೇ ಇದ್ದಿದ್ರೆ, ನಿಮ್ಮನ್ನ ಯಾರ ಪಕ್ಕ ಇಟ್ಟು ನೋಡ್ತಿದ್ರು? ಔಷಧಿ ಕೆಲಸ ಮಾಡ್ತು ಅಂತ ಹೇಗೆ ತಿಳೀತಿತ್ತು? ಈಗ ಅಂಥ ಕೂಸು ಹುಟ್ಟಿದ ತಕ್ಷಣ ಅದನ್ನೇ ಕೊಡ್ತಾರೆ. ಅದರಲ್ಲಿ ನನ್ನ ಉಸಿರೂ ಇದೆ. ಅದನ್ನ... ಕಳವು ಅಂತ... ಕರೀಬೇಡಿ..."

ಉಸಿರು ಸಿಕ್ಕಿಕೊಂಡಿತು. ಅವಳು ಮೇಜು ಹಿಡಿದುಕೊಂಡಳು. ಅವನು ಓಡಿಬಂದ.

ಅವಳು ಅಂಗೈ ಎತ್ತಿ ತಡೆದಳು.

ಅವನು ನಿಂತ. ಚಾಚಿದ ಕೈ ಚಾಚಿದಂತೆಯೇ ಇತ್ತು. ಮುಟ್ಟಲಿಲ್ಲ... ಅವಳ ಭುಜ ಏರಿ ಇಳಿಯುವುದನ್ನೇ ನೋಡುತ್ತಾ ಕಾದ. ಕೊನೆಗೆ ಅವಳೇ ಆ ಕೈ ಹಿಡಿದಳು.

"ನನ್ನ ಅರ್ಧ ಉಸಿರು ಕಂಡು ಹೆದರಿದ್ರಿ ಅಂದ್ಕೊಂಡೆ."

"ಹೆದರಿದ್ದು ಹೌದು. ನೀವು ಕ್ಷಮಿಸಲ್ಲ ಅಂತ."

"ಔಷಧಿಗೆ ಕ್ಷಮೆ ಯಾಕೆ? ಫೋನ್ ಎತ್ತದೇ ಇದ್ದಿದ್ದಕ್ಕೆ ಕೇಳಿ!"

"ಕೇಳ್ತೀನಿ. ದಿನಾ ಕೇಳ್ತೀನಿ. ಮೆಟ್ಟಿಲು ನಿಂತು ನಿಂತು ಹತ್ತಿದ್ರೂ ಪರ್ವಾಗಿಲ್ಲ... ನಿನ್ನ ಜೊತೇಲೇ ಹತ್ತಬೇಕು ಕಣೇ."

"ಏನು, 'ನೀವು' ಹೋಗಿ 'ನೀನು' ಬಂತಾ?"

"ಬೇಡ್ವಾ?"

"ಬೇಕು ಕಣೋ..."

ಹೊರಗೆ, ಪ್ರಕಟಣೆಗೆ ಕಾದು ಸಾಕಾದ ಬಸ್ಸೊಂದು ತಾನಾಗಿಯೇ ಹಾರ್ನ್ ಹೊಡೆದು ಹಿಂದಕ್ಕೆ ಸರಿಯಿತು. ಮೂಟೆ ಹೊತ್ತ ಮುದುಕನೊಬ್ಬ ಅದರ ಬಾಗಿಲು ಬಡಿದು ನಿಲ್ಲಿಸಿ, ಬೈಯುತ್ತಲೇ ಹತ್ತಿಕೊಂಡ.