ಬೇಕೆಂದೇ ಬರೆದ ತಪ್ಪು

ಭಾರವಾದ ವಸ್ತು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ.

ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಇಷ್ಟು ಬರೆದು ಕುಮಾರಸ್ವಾಮಿ ತಿರುಗಿದ. ಏಳನೇ ಕ್ಲಾಸಿನ ಮಕ್ಕಳೆಲ್ಲ ತಲೆ ತಗ್ಗಿಸಿ ಕಾಪಿ ಮಾಡಿಕೊಳ್ಳುತ್ತಿದ್ದರು.

ಅದು ಬೇಕೆಂದೇ ಬರೆದ ತಪ್ಪು. ಉಪಾಯ ಅದೇ ಸ್ಕೂಲಿನ ಟೀಚರ್ ಸುಮೇಧಾಳದು. ಅವನ ಸೈನ್ಸ್ ಕ್ಲಾಸಿನಲ್ಲಿ ಇದುವರೆಗೆ ಒಂದು ಮಗುವೂ ಪ್ರಶ್ನೆ ಕೇಳಿರಲಿಲ್ಲ. ಇವತ್ತೂ ಕೇಳದಿದ್ದರೆ ಕೆಲಸ ಖಾಯಂ ಆಗುವುದಿಲ್ಲ ಎಂದು ಪ್ರಿನ್ಸಿಪಾಲ್ ಬದರಿನಾಥರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

"ತಪ್ಪು ಬರೆದು ಸುಮ್ನೆ ನಿಂತ್ಕೊಳ್ಳಿ ಸರ್. ಅವರೇ ಹಿಡೀಲಿ," ಎಂದಿದ್ದಳು ಸುಮೇಧಾ, ನಿನ್ನೆ ಸಂಜೆ ಟ್ರೇನಿನಲ್ಲಿ, ಕಣ್ಣಲ್ಲೇ ನಗುತ್ತ.

ಈಗ ಅವಳು ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರ ಪಕ್ಕ ಕೂತಿದ್ದಳು. ಆ ನಗು ಎಲ್ಲೋ ಮಾಯವಾಗಿತ್ತು.

ಯಾರೂ ಕೈ ಎತ್ತಲಿಲ್ಲ. ಬದರಿನಾಥರು ಬೋರ್ಡನ್ನೊಮ್ಮೆ, ಅವನನ್ನೊಮ್ಮೆ ನೋಡಿ ಹುಬ್ಬು ಗಂಟಿಕ್ಕಿದರು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಸಂಜೆಯ ಆ ಟ್ರೇನು? ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ತಾನು?

ಸರಿಯಾದದ್ದನ್ನು ತಾನೇ ಹೇಳಿಬಿಡಲೇ? ಬಾಯಿ ತೆರೆಯುವಷ್ಟರಲ್ಲಿ ಸುಮೇಧಾ ಕಣ್ಣಲ್ಲೇ ಬೇಡವೆಂದಳು. ಅವಳ ಬೆರಳು ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಅಯ್ಯೋ, ಇವಳಿಗೂ ಭಯವೇ!

ಮೂಲೆಯಲ್ಲಿ ತೇಜು ಎಂಬ ಹುಡುಗಿ ಅರ್ಧ ಎದ್ದು ತಮಿಳಿನಲ್ಲೇ ಕೇಳಿದಳು.

"ಸರ್, ಹಾರ್ಬರ್‌ಲ ಅವ್ಳೋ ಪೆರಿಯ ಕಪ್ಪಲ್ ನಿಕ್ಕುದೇ... ಅದು ಏನ್ ಮುಳುಗಲ?"

ಅಷ್ಟು ದೊಡ್ಡ ಹಡಗು ಯಾಕೆ ಮುಳುಗಿಲ್ಲ! ತಕ್ಷಣ ಮಿಥುನ್ ಎದ್ದು, ಹಗುರದ ಗುಂಡುಸೂಜಿ ಯಾಕೆ ಮುಳುಗುತ್ತದೆ ಎಂದ. ಆಮೇಲೆ ಕ್ಲಾಸು ಸಂತೆಯಾಯಿತು. ಬರೆದದ್ದನ್ನು ಮಕ್ಕಳು ಹೊಡೆದು ಹಾಕತೊಡಗಿದರು. ಬದರಿನಾಥರು ಎದ್ದು, "ಖಾಯಂ ಆರ್ಡರ್ ನಾಳೆ ಆಫೀಸಲ್ಲಿ ತಗೊಳ್ಳಿ," ಎಂದು ಹೊರನಡೆದರು.

ಸಂಜೆ ಇಬ್ಬರೂ ಮಾಂಬಲಂನಲ್ಲಿ ಟ್ರೇನು ಹತ್ತಿದರು. ಸೈದಾಪೇಟೆ ದಾಟಿತು.

"ಇನ್ನೊಂದು ತಪ್ಪು ಹಿಡಿದಿದೀನಿ ಸರ್," ಎಂದಳು ಸುಮೇಧಾ.

"ಬೋರ್ಡ್ ಮೇಲಾ?"

"ನಿಮ್ಮ ರೂಮು ತ್ರಿಪ್ಲಿಕೇನ್ ಅಂತ ಮೊದಲನೇ ದಿನ ನೀವೇ ಹೇಳಿದ್ರಿ. ಅಲ್ಲಿಗೆ ಸ್ಕೂಲ್ ಹತ್ರಾನೇ ಬಸ್ ಸಿಗತ್ತೆ. ಮತ್ತೆ ದಿನಾ ನನ್ನ ಜೊತೆ ಉಲ್ಟಾ ದಿಕ್ಕಿನ ಗಿಂಡಿ ಸ್ಟೇಷನ್‌ಗೆ ಯಾಕೆ ಬರ್ತೀರ?"

ಕ್ಲಾಸಿನ ಹೆದರಿಕೆ ಇದರ ಮುಂದೆ ಏನೂ ಅಲ್ಲ.

"ಗೊತ್ತಿದ್ರೂ ಇಷ್ಟು ದಿನ ಯಾಕೆ ಕೇಳ್ಲಿಲ್ಲ ಮೇಡಂ?"

"ಭಯ." ಅವಳು ಕಿಟಕಿಯಾಚೆ ನೋಡಿದಳು. "ಗಿಂಡಿಯಲ್ಲಿ ಟ್ಯೂಷನ್ ಇದೆ, ಅದಕ್ಕೇ ಬರ್ತೀನಿ ಅಂದುಬಿಟ್ರೆ? ಮಕ್ಕಳಿಗೆಲ್ಲ ಧೈರ್ಯವಾಗಿ ಕೇಳಿ ಅಂತೀನಿ. ನನಗೇ ಆಗ್ಲಿಲ್ಲ."

"ಟ್ಯೂಷನ್ ಇಲ್ಲ. ಗಿಂಡಿಯಲ್ಲಿ ನನಗೆ ಗೊತ್ತಿರೋದು ನೀವೊಬ್ಬರೇ."

"ಇದು ಉತ್ತರ ಅಲ್ಲ ಸರ್."

"ನಿಮ್ಮನ್ನ ಪ್ರೀತಿಸ್ತೀನಿ. ಅದಕ್ಕೇ ಬರ್ತೀನಿ," ಎಂದ.

ಗಿಂಡಿ ಬಂತು. ಜನ ನುಗ್ಗಿ ಇಳಿದರು, ನುಗ್ಗಿ ಹತ್ತಿದರು. ಅವಳು ಏಳಲಿಲ್ಲ. ತಪ್ಪು ಮಾಡಿಬಿಟ್ಟೆನೇ ಎಂದುಕೊಂಡ ಅವನು. ಟ್ರೇನು ಹೊರಟೇಬಿಟ್ಟಿತು.

"ಮೇಡಂ, ನಿಮ್ಮ ಸ್ಟೇಷನ್ ಹೋಯ್ತು!"

"ಗೊತ್ತು." ಅವಳು ಈಗ ಅವನತ್ತ ತಿರುಗಿ, ನೇರ ಅವನ ಕಣ್ಣನ್ನೇ ನೋಡಿದಳು. "ಯಾಕೆ ಇಳೀಲಿಲ್ಲ ಅಂತ ಕೇಳಿ."

ಕುಮಾರಸ್ವಾಮಿ ಕೇಳಿದ.