ಈ ಸೀಟಿನಲ್ಲಿ ಕೂರುವುದು ಯಾರು?

“ಟೀಚರೇ, ಈ ಸೀಟಿನಲ್ಲಿ ದಿನಾ ಕೂರುವುದು ಯಾರು?”

ಉಜ್ವಲಾಳಿಗೆ ಮೈಯೆಲ್ಲ ಉರಿದುಹೋಯಿತು. ಶಾಲೆಯ ಗೇಟಿಗೆ ರಿವರ್ಸ್‌ನಲ್ಲಿ ಗುದ್ದಿ ಕಾರಿನ ಹಿಂದಿನ ಬಂಪರ್ ಒಡೆದಿತ್ತು. ವಿಮೆಯ ಸರ್ವೇಯರ್ ಬಂದು ನೋಡಲಿ ಎಂದು ಉಪ್ಪಳದ ಗ್ಯಾರೇಜಿನಲ್ಲಿ ಒಂದು ಗಂಟೆ ಕಾದಿದ್ದಳು. ಬಂದ ಮಹಾನುಭಾವ ಬಂಪರಿಗೆ ಎರಡು ನಿಮಿಷ ಕೊಟ್ಟು, ಈಗ ಎಡಗಡೆಯ ಬಾಗಿಲು ತೆರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಹಿತ್ತಾಳೆಯ ಗಣಪತಿಯನ್ನೇ ನೋಡುತ್ತಿದ್ದ.

“ಅಪ್ಪ. ಯಾಕೆ?”

“ಇದರ ಅಡಿಯಲ್ಲಿ ಏರ್‌ಬ್ಯಾಗ್ ಉಂಟು. ಗುದ್ದಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಹೊರಗೆ ಬರ್ತದೆ. ಅದರೊಟ್ಟಿಗೆ ಗಣಪತಿಯೂ ಬರ್ತಾನೆ, ಸೀದಾ ಮುಖಕ್ಕೆ. ಇದನ್ನು ತೆಗೀಬೇಕು.”

“ನೀವು ಬಂಪರ್ ನೋಡ್ಲಿಕ್ಕೆ ಬಂದದ್ದಲ್ವಾ?”

“ಬಂಪರ್ ಹೋದ್ರೆ ಬೇರೆ ಸಿಗ್ತದೆ ಟೀಚರೇ.”

ಅವನ ಹೆಸರು ಧನರಾಜ್. ಮಾತು ಒರಟಾದರೂ ಕನ್ನಡಕದ ಹಿಂದಿನ ಕಣ್ಣುಗಳು ತುಂಬಾ ಸೌಮ್ಯವಾಗಿದ್ದವು. ಅದೇ ಅವಳ ದುರದೃಷ್ಟ ಎನ್ನಬೇಕು. ಬಂಪರ್ ಸರಿಯಾದ ಮೇಲೂ ಫೋನ್ ಮಾತು ನಿಲ್ಲಲಿಲ್ಲ.

ಆರು ತಿಂಗಳು ಕಳೆಯಿತು. ಅವನು ತನ್ನನ್ನು ಪ್ರೀತಿಸುತ್ತಾನೆಂದು ಅವಳಿಗೆ ಗೊತ್ತಿತ್ತು, ಅವನ ಕಣ್ಣು ಹೇಳುತ್ತಿತ್ತು. ಆದರೆ ಆ ಬಾಯಿ? ಕುಂಬಳೆಯ ಕಡಲ ದಡದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ, “ಎಂತ ಆಲೋಚನೆ?” ಎಂದು ಅವಳು ಮೆಲ್ಲಗೆ ಕೇಳಿದರೆ...

“ಈಗಿನ ಕಾರುಗಳ ಮುಖ ನೋಡಿದ್ದೀರಾ? ಎಲ್ಲದಕ್ಕೂ ಸಿಟ್ಟು. ಒಳಗೆ ಟಿವಿಯಷ್ಟು ದೊಡ್ಡ ಸ್ಕ್ರೀನ್. ಎಸಿ ಕಡಿಮೆ ಮಾಡ್ಲಿಕ್ಕೆ ರಸ್ತೆ ಬಿಟ್ಟು ಅದನ್ನು ನೋಡ್ಬೇಕು. ಒಂದು ಬಟನ್ ಇಟ್ಟಿದ್ರೆ ಎಂತ ಆಗ್ತಿತ್ತು?”

ಅಯ್ಯೋ ದೇವರೇ...

“ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತ ಎಲ್ಲರೂ ಕೇಳ್ತಾರೆ. ನೂರರಿಂದ ಸೊನ್ನೆಗೆ ಬರ್ಲಿಕ್ಕೆ ಎಷ್ಟು ಮೀಟರ್ ಬೇಕು ಅಂತ ಒಬ್ಬನಾದ್ರೂ ಕೇಳ್ತಾನಾ?”

‘ನನ್ನನ್ನು ಮದುವೆಯಾಗ್ತೀಯಾ ಅಂತ ನೀನಾದ್ರೂ ಕೇಳ್ತೀಯಾ?’ ಎಂದುಕೊಂಡು ಅವಳು ಹಲ್ಲು ಕಚ್ಚಿದಳು. ಕೊನೆಗೆ ಅವಳೇ ನಾಚಿಕೆ ಬಿಟ್ಟು ಹೇಳಬೇಕಾಯಿತು. “ಭಾನುವಾರ ಮನೆಗೆ ಬನ್ನಿ. ಅಪ್ಪನಲ್ಲಿ ಮಾತಾಡಿ.”

ಬಂದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಬ್ಯಾಗು. ಅಪ್ಪ ಕಿಟ್ಟಣ್ಣನವರಿಗೂ ಹುಡುಗ ಹಿಡಿಸಿದ. ಖುಷಿಯಲ್ಲಿ ಅಂಗಳಕ್ಕೆ ಕರೆದುಕೊಂಡು ಹೋಗಿ ಕಾರಿನ ಬಾನೆಟ್ ತಟ್ಟಿದರು. “ಮದುವೆ ಆದ್ಮೇಲೆ ಇದನ್ನು ಇವಳೇ ಕೊಂಡುಹೋಗ್ಲಿ. ಒಳ್ಳೆ ಗಟ್ಟಿ ಗಾಡಿ.”

ಹೂಂ ಅಂದಿದ್ದರೆ ಆಗಿತ್ತು. ಒಂದೇ ಒಂದು ಹೂಂ.

“ಗಟ್ಟಿ ಇದ್ದರೆ ಸಾಲದು,” ಎಂದ ಧನರಾಜ್. “ಗುದ್ದಿದಾಗ ಮುಂಭಾಗ ನುಜ್ಜಾಗ್ಬೇಕು, ಆಗ ಒಳಗಿದ್ದವರು ಉಳಿಯುವುದು. ಮತ್ತೆ, ಆ ಗಣಪತಿ ಅಲ್ಲಿರುವವರೆಗೆ ನಾನು ಇವರನ್ನು ಇದರಲ್ಲಿ ಕೂರಿಸುವುದಿಲ್ಲ.”

ಕಿಟ್ಟಣ್ಣನವರ ಮುಖ ಕೆಂಪಾಯಿತು. ಕಾರು ತಂದ ದಿನ ಮಧೂರು ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಗಲ್ಫಿನಿಂದ ತಂದ ಗಮ್ಮಿನಿಂದ ತಮ್ಮ ಕೈಯಾರೆ ಅಂಟಿಸಿದ್ದ ಗಣಪತಿ ಅದು.

“ಮೂವತ್ತು ವರ್ಷ ಶಾರ್ಜಾದಲ್ಲಿ ಟ್ರೈಲರ್ ಓಡಿಸಿದವನು ನಾನು. ಒಂದು ಗೀರು ಬೀಳ್ಲಿಲ್ಲ. ದೇವರು ಬೇಡದವನಿಗೆ ನನ್ನ ಮಗಳೂ ಬೇಡ.”

ಗೇಟಿನ ಬಳಿ ಉಜ್ವಲಾ ಅವನನ್ನು ತಡೆದಳು. “ನೀವು ಬಂದದ್ದು ನನ್ನನ್ನು ಕೇಳ್ಲಿಕ್ಕೆ. ಗಾಡಿ ಪರೀಕ್ಷೆ ಮಾಡ್ಲಿಕ್ಕಲ್ಲ. ನಿಮಗೆ ಕಾರೇ ಸಾಕು. ಇನ್ನು ಫೋನ್ ಮಾಡ್ಬೇಡಿ.”

ಅವನು ಬ್ಯಾಗಿನ ಜಿಪ್ ಅರ್ಧ ಎಳೆದ, ಮತ್ತೆ ಮುಚ್ಚಿದ, ಹೋದ. ಆಮೇಲೆ ಫೋನ್ ಮಾಡಲೇ ಇಲ್ಲ. ಮಾಡಬೇಡಿ ಎಂದರೆ ನಿಜವಾಗಿಯೂ ಮಾಡದೆ ಇರುವುದೇ? ಇಂಥವನಿಗೆ ಏನೆನ್ನಬೇಕು? ಮೂರು ವಾರ ಅವಳು ಫೋನನ್ನೂ ಬೈದಳು, ಅವನನ್ನೂ ಬೈದಳು. ಒಬ್ಬಳೇ ಇದ್ದಾಗ ಅತ್ತಳು.

ಒಂದು ಬೆಳಿಗ್ಗೆ ಅಪ್ಪನನ್ನು ಕೂರಿಸಿಕೊಂಡು ಬಂದ್ಯೋಡಿನ ಹತ್ತಿರ ಹೋಗುತ್ತಿದ್ದಾಗ ಆಟೋ ಒಂದು ಸಟ್ಟನೆ ಅಡ್ಡ ಬಂತು. ಉಜ್ವಲಾ ಬ್ರೇಕನ್ನು ಪೂರ್ತಿ ಒತ್ತಿದಳು. ಏನೂ ಗುದ್ದಲಿಲ್ಲ. ಆದರೆ ಬೆಲ್ಟ್ ಹಾಕುವ ಅಭ್ಯಾಸವೇ ಇಲ್ಲದ ಕಿಟ್ಟಣ್ಣ ಮುಂದಕ್ಕೆ ಎಸೆಯಲ್ಪಟ್ಟು, ಕೈಯೂರಿ ಹೇಗೋ ತಡೆದುಕೊಂಡರು. ಹಿತ್ತಾಳೆಯ ಕಿರೀಟದ ಚೂಪು ಅವರ ಕಣ್ಣಿಗೆ ನಾಲ್ಕು ಬೆರಳು ದೂರದಲ್ಲಿತ್ತು.

ಉಜ್ವಲಾ ಕಾರನ್ನು ಮೆಲ್ಲಗೆ ಮನೆಯ ಕಡೆ ತಿರುಗಿಸಿದಳು. ‘ಮೊದಲ ದಿನವೇ ಕೇಳಿದ್ದನಲ್ಲ, ಈ ಸೀಟಿನಲ್ಲಿ ಕೂರುವುದು ಯಾರು ಅಂತ... ಅವನು ನೋಡಿದ್ದು ಕಾರನ್ನಲ್ಲ.’ ಅವಳ ಕಣ್ಣು ಮಂಜಾಯಿತು.

ಅಂಗಳದಲ್ಲಿ ಕಿಟ್ಟಣ್ಣ ದೋಸೆ ಮಗುಚುವ ಸಟ್ಟುಗ ಹಿಡಿದು ಒಂದು ಗಂಟೆ ಗಣಪತಿಯ ಬುಡದಲ್ಲಿ ಹೆಣಗಾಡಿದರು.

“ಶಾರ್ಜಾದ ಗಮ್ಮು. ಬಿಡುವುದಿಲ್ಲ,” ಎಂದು ಸಟ್ಟುಗ ಬಿಸಾಡಿದರು. ಬೇರೆಲ್ಲೋ ನೋಡುತ್ತಾ ಹೇಳಿದರು. “ಆ ಹುಡುಗನಿಗೆ ಫೋನ್ ಮಾಡು.”

ಅರ್ಧ ಗಂಟೆಯಲ್ಲಿ ಧನರಾಜ್ ಬಂದ. ಅದೇ ಬ್ಯಾಗಿನಿಂದ ಹೇರ್ ಡ್ರೈಯರ್ ತೆಗೆದ, ಮೀನಿನ ಗಾಳದ ನೂಲು ತೆಗೆದ. ಚಪ್ಪಲಿ ದೂರ ಬಿಟ್ಟು, ಕೈ ತೊಳೆದು ಬಂದು ಗಮ್ಮು ಬಿಸಿ ಮಾಡಿ, ನೂಲಿನಿಂದ ಮೆಲ್ಲಗೆ ಕೊಯ್ದ. ಗಣಪತಿ ಕಳಚಿಕೊಂಡು ಬಂದ. ಅವನನ್ನು ಬಿಳಿ ಟವೆಲಿನಲ್ಲಿ ಸುತ್ತಿ, ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ಕಿಟ್ಟಣ್ಣನವರಿಗೆ ಕೊಟ್ಟ.

“ಟವೆಲ್ ಹೊಸತಾ?” ಎಂದರು ಕಿಟ್ಟಣ್ಣ.

“ಹೌದು. ಆ ಭಾನುವಾರ ಗಣಪತಿಯನ್ನು ತೆಗೆದು ಕೊಡ್ಲಿಕ್ಕೆ ಅಂತ ತಂದದ್ದು. ಎಲ್ಲ ಬ್ಯಾಗಿನಲ್ಲೇ ಇತ್ತು. ನನಗೆ ಹೇಳ್ಲಿಕ್ಕೆ ಬರ್ಲಿಲ್ಲ.”

ಕಿಟ್ಟಣ್ಣ ಗಣಪತಿಯನ್ನು ಎದೆಗೊತ್ತಿಕೊಂಡರು. “ಇದನ್ನು ದೇವರ ಕೋಣೆಯಲ್ಲಿ ಇಡ್ತೇನೆ. ಚಾ ಆಗುವಷ್ಟರಲ್ಲಿ ಇಬ್ಬರೂ ಒಂದು ರೌಂಡ್ ಹೋಗಿ ಬನ್ನಿ.”

ಎಡಗಡೆಯ ಸೀಟಿನಲ್ಲಿ ಕೂತು, ಬೆಲ್ಟ್ ಎಳೆದುಕೊಂಡು ಉಜ್ವಲಾ ಕೇಳಿದಳು. “ನನಗಿಂತ ಕಾರೇ ಇಷ್ಟ ಅಲ್ವಾ ನಿಮಗೆ?”

“ನಾನು ಕಾರಿನ ಬಗ್ಗೆ ಎಂತ ಹೇಳಿದ್ರೂ ಅದರ ಅರ್ಥ ಒಂದೇ ಟೀಚರೇ. ಸಂಜೆ ನೀವು ಮನೆಗೆ ಮುಟ್ಬೇಕು...” ಅವನು ಕನ್ನಡಕ ತೆಗೆದು ಒರೆಸಿದ. “ನಾನಿರುವ ಮನೆಗೆ.”

ಅವಳ ಕಣ್ಣು ತುಂಬಿತು. “ಇಷ್ಟು ಹೇಳ್ಲಿಕ್ಕೆ ಆರು ತಿಂಗಳು ಬೇಕಿತ್ತಾ ಮಾರಾಯ್ರೆ?”

ಅವನು ತಲೆ ತಗ್ಗಿಸಿ ನಕ್ಕು, ಕಾರು ಸ್ಟಾರ್ಟ್ ಮಾಡಿ ಗೇಟಿನ ಕಡೆ ತಿರುಗಿಸಿದ. ಕಾರು ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ಅವನಿಗೆ ಅದು ಕೇಳಿಸಲೇ ಇಲ್ಲ. ಅವನು ಅವಳನ್ನೇ ನೋಡುತ್ತಿದ್ದ.

“ಧನರಾಜ್.”

“ಎಂತ?”

“ಬೆಲ್ಟ್ ಹಾಕಿ.”