ಮುಳ್ಳು ಎಪ್ಪತ್ತಕ್ಕೆ ಏರಬೇಕು

ಮಂತ್ರಿ ಬಾಬುರಾವ್ ಇನಾಮದಾರರ ಹಣೆಗೆ ಪಟ್ಟಿ ಬಿಗಿದು, ಎದೆಗೆ ಅಂಗೈಯಗಲದ ಬಿಲ್ಲೆ ಅಂಟಿಸಿದೊಡನೆ ಹಿಂದಿದ್ದ ದೊಡ್ಡ ಪರದೆಯ ಮೇಲೆ ಮುಳ್ಳು ಅಲುಗಿತು. ಇಪ್ಪತ್ತು. ಇಪ್ಪತ್ತೆರಡು. ಮತ್ತೆ ಹದಿನೆಂಟು.

"ಕಲ್ಲೆದಿ!" ಎಂದು ಹಗ್ಗದಾಚೆ ಜನ ಕೂಗಿದರು. "ಸಾಹೇಬ್ರ, ಕಣ್ಣಿಗೆ ಒಂದ ಉಳ್ಳಾಗಡ್ಡಿ ಹೆಚ್ಚಿ ಕೊಡ್ಲ್ಯಾ?"

ಎದುರಿನ ಕುರ್ಚಿಯಲ್ಲಿ ಅಂಥದೇ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ ನೀಲವ್ವ ಪರದೆಯತ್ತ ತಿರುಗಲಿಲ್ಲ. ಅವಳ ಕಿವಿಯೆಲ್ಲ ಪಕ್ಕದಲ್ಲಿ ನೆಲದಿಂದ ಮೇಲೆದ್ದಿದ್ದ ಕಬ್ಬಿಣದ ಪೈಪಿನ ಮೇಲಿತ್ತು. ಟಣ್. ಟಣ್. ನೆಲದಡಿಯ ಪಂಪ್‌ಹೌಸ್ ಬೆಳಗಿನ ಪಾಳಿಯಲ್ಲಿ ಕುಸಿದಿತ್ತು. ಇಬ್ಬರ ಹೆಣ ಸಿಕ್ಕಿತ್ತು. ಮೂರನೆಯವಳು ನೀಲವ್ವನ ಮಗಳು ಸಾವಂತ್ರಿ, ಪಂಪ್ ಆಪರೇಟರ್. ಗಾಳಿಗೆಂದು ಇಳಿಸಿದ ಆ ಪೈಪನ್ನು ತಬ್ಬಿ ಹಿಡಿದು, ನೀರಿನ ಮೇಲೆ ಜೋತುಬಿದ್ದು, ಕೈಬಳೆಯಿಂದ ಬಡಿಯುತ್ತಿದ್ದಳು. ಮೇಲಿನ ಮಾತು ಪೈಪಿನೊಳಗಿಂದ ಅವಳಿಗೆ ಚೆನ್ನಾಗಿ ಕೇಳುತ್ತಿತ್ತು. ತಿರುಗಿ ಕೂಗುವ ಕಸುವು ಅವಳಲ್ಲಿ ಉಳಿದಿರಲಿಲ್ಲ. "ಕೈ ಬಿಡಬ್ಯಾಡವ್ವ, ಬರಾಕತ್ತೀವಿ" ಎಂದು ನೀಲವ್ವ ಬೆಳಗಿನಿಂದ ಪೈಪಿಗೆ ಬಾಯಿ ಹಚ್ಚಿ ಹೇಳುತ್ತಲೇ ಇದ್ದಳು. ಆದರೆ ಅಗೆಯಬೇಕಾದ ಜೆಸಿಬಿ ಮಂತ್ರಿ ಬಂದ ಗಳಿಗೆಯಿಂದ ಸುಮ್ಮನೆ ನಿಂತಿತ್ತು.

ನಿಲ್ಲಿಸಿದ್ದು ಕಾಯ್ದೆ. ಹಿಂದೊಮ್ಮೆ ದೋಣಿ ಮುಳುಗಿದ ಊರಿಗೆ ಬಂದ ಮಂತ್ರಿಯೊಬ್ಬ ಹೆಣಗಳ ಸಾಲಿನ ಮುಂದೆ ಮೀಸೆ ತಿರುವುತ್ತ ಹಲ್ಲು ಕಿರಿದದ್ದನ್ನು ನಾಡೆಲ್ಲ ನೋಡಿತ್ತು. ಆಳುವವನಿಗೆ ಕರುಳಿದೆಯೋ ಇಲ್ಲವೋ ಅಳೆದು ತೋರಿಸಿ ಎಂದು ಜನ ಬೀದಿಗಿಳಿದರು. ಆಗ ಬಂದದ್ದು ಮರುಕಮಾಪಕ. ದುಃಖದಲ್ಲಿರುವವರ ಮಿದುಳಿನ ಅಲೆಗಳನ್ನೂ ಎದೆಬಡಿತವನ್ನೂ ಒಂದು ಪಟ್ಟಿ ಹಿಡಿಯುತ್ತದೆ. ಅಂಥದೇ ಅಲೆ ನಾಯಕನಲ್ಲಿ ಎಷ್ಟು ಏಳುತ್ತದೆಂದು ಇನ್ನೊಂದು ಹಿಡಿಯುತ್ತದೆ. ಎರಡೂ ಹೊಂದಿದಷ್ಟು ಮುಳ್ಳು ಏರುತ್ತದೆ. ನಟನೆ ನಡೆಯದು. ಮುಳ್ಳು ಎಪ್ಪತ್ತು ಮುಟ್ಟುವವರೆಗೆ ನಾಯಕ ಕುರ್ಚಿ ಬಿಟ್ಟು ಏಳಕೂಡದು; ಅಲೆಗಳು ಬಹಳ ಸೂಕ್ಷ್ಮವಾದ್ದರಿಂದ ಅಲ್ಲಿಯವರೆಗೆ ನೆಲ ನಡುಗಿಸುವ ಯಾವ ಯಂತ್ರವೂ ಸುತ್ತಮುತ್ತ ಓಡಕೂಡದು. ಕಾಯ್ದೆ ಬರೆದ ಮಹಾನುಭಾವರು ದುಃಖವೆಂದರೆ ಹೆಣ ಸಿಕ್ಕಮೇಲಿನದೆಂದೇ ತಿಳಿದಿದ್ದರು. ನೆಲದಡಿ ಜೀವ ಉಳಿದಿರಬಹುದೆಂದು ಒಬ್ಬನಿಗೂ ಹೊಳೆದಿರಲಿಲ್ಲ.

"ಡಾಕ್ಟರವ್ವ, ಜೆಸಿಬಿ ಚಾಲೂ ಮಾಡಸ್ರಿ," ಎಂದಳು ನೀಲವ್ವ.

ಮಾಪಕವನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ಮೃಣಾಲಿನಿ ಗಲಗಲಿ ಬಗ್ಗಿ ಅವಳ ಪಟ್ಟಿ ಸರಿಪಡಿಸಿದರು. "ಈಗ ಚಾಲೂ ಮಾಡಿದರೆ ಅಳತೆ ಕೆಡುತ್ತದಮ್ಮಾ. ಮತ್ತೆ ಮೊದಲಿನಿಂದ ಶುರು ಮಾಡಬೇಕು."

"ಈತಗ ಮರುಕ ಬರವಲ್ದು ಅಂತ ನನ್ನ ಮಗಳು ಸಾಯಬೇಕೇನ್ರಿ?"

"ಅವರಿಗೆ ಮರುಕ ಇಲ್ಲ ಅಂತಲ್ಲ." ಡಾಕ್ಟರರ ದನಿ ತಗ್ಗಿತು. "ಅವರು ಮೊದಲು ನೀರಾವರಿ ಇಂಜಿನಿಯರ್ ಆಗಿದ್ದವರು. ಮನಸ್ಸೆಲ್ಲ ಆ ಗುಂಡಿಯಲ್ಲೇ ಇದೆ. ಎಲ್ಲಿಂದ ಅಗೆಯಬೇಕು, ನೀರು ಎಷ್ಟು ಏರಬಹುದು, ಇದೇ ಲೆಕ್ಕ. ಮಾಪಕ ಅದನ್ನೆಲ್ಲ ಗದ್ದಲವೆಂದು ಕಳೆದುಬಿಡುತ್ತದೆ. ದುಃಖವನ್ನಷ್ಟೇ ಎಣಿಸುತ್ತದೆ."

"ಹುಡುಗೀನ ಉಳಸಬೇಕಂತ ಒದ್ದಾಡೂದು ಮರುಕ ಅಲ್ಲೇನು?"

"ಅದನ್ನು ಅಳೆಯುವ ಯೋಚನೆ ನಮಗೆ ಬಂದಿರಲಿಲ್ಲ."

"ನಿಮ್ಮ ಶಾಣ್ಯಾತನಕ್ಕ ಬೆಂಕಿ ಹಚ್ಚ!"

ಅಷ್ಟರಲ್ಲಿ ಮಂತ್ರಿ ಎದ್ದೇಬಿಟ್ಟರು. "ಅಳತಿ ಗಿಳತಿ ಆಮ್ಯಾಲ ನೋಡೂಣು! ಬಡಗಣ ಮೂಲಿಯಿಂದ ಅಗೀರಿ!"

"ಓಡಿ ಹೊಂಟಾನ! ಹಿಡೀರಿ!" ಜನ ಹಗ್ಗ ಹರಿದುಕೊಂಡು ನುಗ್ಗಿದರು. ಒಂದು ಚಪ್ಪಲಿ ಹಾರಿಬಂದು ಮಂತ್ರಿಯ ಕಿವಿ ಸವರಿಕೊಂಡು ಹೋಯಿತು. ನಾಲ್ಕಾರು ತೋಳುಗಳು ಅವರನ್ನು ಕುರ್ಚಿಗೆ ಕುಕ್ಕಿದವು. ಮುಳ್ಳು ಒಂಬತ್ತಕ್ಕಿಳಿಯಿತು. ಜೆಸಿಬಿ ಚಾಲಕ ಕೀಲಿ ಮುಟ್ಟಿದವನು ಹೆದರಿ ಕೈ ತೆಗೆದ.

ಟಣ್. ಈ ಸಲ ಮುಂದಿನ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

"ಒಂದೇ ದಾರಿ ಇದೆ," ಎಂದರು ಡಾಕ್ಟರು. "ನೀವು ಅಳಬೇಕು. ಮಗಳು ಹೋದಳೆಂದೇ ತಿಳಿದು ಅಳಬೇಕು. ನಿಮ್ಮ ಅಲೆ ಎದ್ದರೆ ಅವರದೂ ಏಳುತ್ತದೆ."

"ಜೀವಂತ ಮಗಳ ಮ್ಯಾಲ ಹೆಣದ ಹಾಡು ಹಾಡ್ಲ್ಯಾ? ಅದನ್ನೂ ನನ್ನ ಬಾಯಿಂದ?"

ಆ ಸೀಮೆಯ ಹೆಂಗಸರು ಹೆಣದ ಪಕ್ಕ ಕುಳಿತು ಸತ್ತವರ ಹೆಸರು ಹಿಡಿದು, ಅವರ ಬದುಕನ್ನೆಲ್ಲ ಹಾಡಿಕೊಂಡು ಅಳುತ್ತಾರೆ. ಬದುಕಿರುವವರ ಹೆಸರಲ್ಲಿ ಆ ಹಾಡನ್ನು ಯಾರೂ ಎತ್ತುವುದಿಲ್ಲ. ನೀಲವ್ವ ನಿಂತ ಜೆಸಿಬಿಯನ್ನು ನೋಡಿದಳು. ಸೆರಗು ಸರಿಸಿ, ತುರುಬು ಬಿಚ್ಚಿ, ಎದೆಗೆ ಗುದ್ದಿಕೊಂಡು ಹಾಡು ತೆಗೆದಳು.

"ಡ್ಯೂಟಿಗೆ ಹೋಗಿ ಬರ್ತೀನಂದಾಕಿ ಯಾ ಹಾದಿ ಹಿಡದೆವ್ವಾ ಸಾವಂತ್ರೀ... ಬುತ್ತಿ ಕಟ್ಟಿದ ಕೈಯಾಗ ಮಣ್ಣ ಹಾಕಲ್ಯಾ ನನ್ನವ್ವಾ... ಕಟ್ಟಿ ಮ್ಯಾಲ ನಿನ್ನ ಸೀರಿ ಒಣಗತೈತಿ, ಯಾರ ಉಡಬೇಕವ್ವಾ..."

ಹಗ್ಗದಾಚೆಯ ಹೆಂಗಸರು ಅಭ್ಯಾಸಬಲದಿಂದ ದನಿಗೂಡಿಸಿದರು. ಇಡೀ ಬಯಲು ಸಾವಿನ ಮನೆಯಾಯಿತು. ಮಂತ್ರಿಯ ಕಣ್ಣು ಮೊದಲ ಬಾರಿ ಗುಂಡಿಯನ್ನು ಬಿಟ್ಟು ನೀಲವ್ವನ ಮೇಲೆ ನಿಂತಿತು. ಮುಖ ಕಿವುಚಿಕೊಂಡಿತು. ಅವರು ಬಿಕ್ಕಿ ಅತ್ತರು. ನಲವತ್ತು, ಅರವತ್ತು, ಎಪ್ಪತ್ತು, ಎಂಬತ್ನಾಲ್ಕು.

ಚಪ್ಪಾಳೆ ಬಿತ್ತು, ಸಿಳ್ಳೆ ಬಿದ್ದವು. ಚಪ್ಪಲಿ ಎಸೆದವನೇ "ಕರುಳಿನ ಮಂತ್ರಿಗೆ ಜೈ!" ಎಂದ. ಜೆಸಿಬಿ ಗುಡುಗುಟ್ಟಿ ಮಣ್ಣಿಗೆ ಬಾಯಿ ಹಾಕಿತು.

ನೀಲವ್ವ ಪಟ್ಟಿ ಕಿತ್ತೆಸೆದು ಪೈಪಿನ ಹತ್ತಿರ ಕುಸಿದಳು. ಅಂಗೈ ಒತ್ತಿದಳು. ಬೆಳಗಿನಿಂದ ಅವಳ ಅಂಗೈಗೆ ತಾಗುತ್ತಿದ್ದ ಆ ಸಣ್ಣ ಪೆಟ್ಟು ಇಲ್ಲ.

"ನೀರಿನ್ನೂ ಅಲ್ಲೀತನ ಏರಿರಂಗಿಲ್ಲ," ಎನ್ನುತ್ತ ಮಂತ್ರಿ ಓಡಿಬಂದರು, ಕೆನ್ನೆ ಇನ್ನೂ ಒದ್ದೆ. "ಯಾಕ ನಿಲ್ಲಿಸಿದ್ಳು? ಯಾಕ?"

ನೀಲವ್ವನಿಗೆ ಗೊತ್ತಿತ್ತು. ಕತ್ತಲಲ್ಲಿ, ಬರುತ್ತೇವೆಂದ ತಾಯಿಯ ಮಾತೊಂದನ್ನೇ ನಂಬಿ ಜೋತುಬಿದ್ದ ಹುಡುಗಿ ಅದೇ ತಾಯಿಯ ಬಾಯಿಂದ ತನ್ನ ಹೆಣದ ಹಾಡು ಕೇಳಿದ್ದಳು. ಊರಿಗೆ ಊರೇ ತನ್ನನ್ನು ಮಣ್ಣು ಮಾಡಿದ್ದನ್ನು ಕೇಳಿದ್ದಳು.

"ಸಾವಂತ್ರೀ! ಸುಳ್ಳ ಅತ್ತೀನಿ ನಾ! ಆ ಮುಳ್ಳಿನ ಸಲುವಾಗಿ ಅತ್ತೀನಿ! ಕೈ ಬಿಡಬ್ಯಾಡ, ಬಡಿ, ನನ್ನವ್ವ, ಬಡಿ!"

ಯಂತ್ರದ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ.

"ಬಂದ್ ಮಾಡ್ರಿ ಅದನ್ನ!" ಎಂದು ಚೀರಿದಳು. ಚಾಲಕ ನಿಲ್ಲಿಸಿದ. ಬಯಲು ಮೌನವಾಯಿತು. ಪೈಪಿಗೆ ಕಿವಿ ಹಚ್ಚಿದಳು. ಏನೋ ಸದ್ದು ಬಂದಂತಾಯಿತು, ಬರಲಿಲ್ಲ. ಇಷ್ಟು ಹೊತ್ತು ಕಳೆದೆವಲ್ಲ ಎಂದು ಜೆಸಿಬಿಯತ್ತ ತಿರುಗಿದಳು.

"ಅಗೀರಿ! ಯಾಕ ನಿಂತ್ರಿ, ಅಗೀರಿ!" ಎಂದಳು. ಯಂತ್ರ ಗುಡುಗಿದ ಮರುಗಳಿಗೆಯೇ ಮತ್ತೆ ಎರಡೂ ಕೈ ಎತ್ತಿ, "ಬಂದ್ ಮಾಡ್ರಿ, ಕೇಳವಲ್ದು, ಬಂದ್ ಮಾಡ್ರಿ!" ಎಂದು ಕೂಗತೊಡಗಿದಳು.